ಪಟ್ಟಿಯಲ್ಲಿ ಇಲ್ಲದ ಐಚ್ಛಿಕ

ರಾಜ್ಯದ ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸದಸ್ಯರಿಗೆ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನವೇ ನಿಮ್ಮ ಕಾಲೇಜುಗಳ ಮುಂದೆ ಸಾಲು ಶುರುವಾಗುತ್ತದೆ. ಅರ್ಜಿಯ ಜೊತೆ ಕೊಡುವ ಹಾಳೆಯಲ್ಲಿ ಪಿಸಿಎಂಬಿ, ಪಿಸಿಎಂಸಿ, ಎಸ್‌ಇಬಿಎ, ಎಚ್‌ಇಪಿಎಸ್ ಎಂದು ನಾಲ್ಕು ನಾಲ್ಕು ಅಕ್ಷರಗಳ ಕಾಂಬಿನೇಷನ್‌ಗಳು ಅಚ್ಚಾಗಿರುತ್ತವೆ. ಹುಡುಗನೋ ಹುಡುಗಿಯೋ ಎರಡು ಭಾಷೆಗಳ ಜೊತೆಗೆ ಅವುಗಳಲ್ಲೊಂದನ್ನು ಆರಿಸಿಕೊಂಡರೆ ಮುಂದಿನ ಎರಡು ವರ್ಷದ ಜಾತಕ ಬರೆದಂತೆಯೇ. ಆ ಹಾಳೆಯಲ್ಲಿ ಸಂಗೀತ ಎಂಬ ಪದ ಹುಡುಕಿದರೆ ಸಿಗುವುದು ಕೊನೆಯ ಪುಟದಲ್ಲಿ, ‘ನಮ್ಮಲ್ಲಿರುವ ಸೌಲಭ್ಯಗಳು’ ಎಂಬ ಶೀರ್ಷಿಕೆಯ ಕೆಳಗೆ, ಕ್ಯಾಂಟೀನು ಮತ್ತು ವಾಲಿಬಾಲ್ ಮೈದಾನದ ನಡುವೆ.

ಇದನ್ನು ನೋಡಿದವರು ಸರ್ಕಾರವೇ ಸಂಗೀತವನ್ನು ಪಿಯುಸಿಯಿಂದ ಹೊರಗಿಟ್ಟಿದೆ ಎಂದುಕೊಂಡರೆ ತಪ್ಪಿಲ್ಲ. ಆದರೆ ಸಂಗತಿ ಹಾಗಿಲ್ಲ ಎಂಬುದು ನಿಮಗೆ ಉಳಿದೆಲ್ಲರಿಗಿಂತ ಚೆನ್ನಾಗಿ ಗೊತ್ತು. ದ್ವಿತೀಯ ಪಿಯುಸಿ ಪರೀಕ್ಷೆಯ ವೇಳಾಪಟ್ಟಿ ಪ್ರತಿ ವರ್ಷ ನಿಮ್ಮ ನೋಟಿಸ್ ಬೋರ್ಡಿಗೆ ಬರುತ್ತದೆ. ಅದರಲ್ಲಿ ಮನಃಶಾಸ್ತ್ರ, ತರ್ಕಶಾಸ್ತ್ರ, ಗೃಹವಿಜ್ಞಾನಗಳ ಸಾಲಿನಲ್ಲೇ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎಂಬ ಎರಡು ವಿಷಯಗಳಿರುತ್ತವೆ. ಅವಕ್ಕೆ ಪಠ್ಯಕ್ರಮವಿದೆ, ಪ್ರಶ್ನೆಪತ್ರಿಕೆ ತಯಾರಾಗುತ್ತದೆ, ಮೌಲ್ಯಮಾಪನ ನಡೆಯುತ್ತದೆ. ಉಳಿದ ಐಚ್ಛಿಕಗಳ ಅಂಕ ಎಷ್ಟು ತೂಗುತ್ತದೆಯೋ ಇವುಗಳ ಅಂಕವೂ ಅಷ್ಟೇ ತೂಗುತ್ತದೆ. ಯಾರೂ ನಿಷೇಧಿಸಿಲ್ಲ, ಯಾರೂ ರದ್ದು ಮಾಡಿಲ್ಲ. ಕೆಲವೇ ಕಾಲೇಜುಗಳನ್ನು ಬಿಟ್ಟರೆ ಉಳಿದವರು ತಮ್ಮ ಪಟ್ಟಿಯಲ್ಲಿ ಆ ಹೆಸರು ಬರೆದಿಲ್ಲ, ಅಷ್ಟೆ. ಹಾಗಾಗಿ ಈ ಪತ್ರ ಮಂತ್ರಿಗಳಿಗಲ್ಲ, ಪರೀಕ್ಷಾ ಮಂಡಳಿಗಲ್ಲ, ನಿಮಗೆ.

ಸಂಗೀತ ಕಲಿಯುವ ಮಕ್ಕಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಧಾರವಾಡದಿಂದ ಮೈಸೂರಿನವರೆಗೆ, ಮಂಗಳೂರಿನಿಂದ ಶಿವಮೊಗ್ಗದವರೆಗೆ ಸಂಜೆ ಐದರ ನಂತರ ಯಾವ ಬಡಾವಣೆಗೆ ಹೋದರೂ ಯಾವುದಾದರೊಂದು ಮನೆಯಿಂದ ಸರಳೆಯೋ ಅಲಂಕಾರವೋ ಕೇಳಿಸುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ, ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರವೇಶಿಕಾ, ಮಧ್ಯಮಾ ಪರೀಕ್ಷೆಗಳಿಗೆ ಕೂರುವ ಮಕ್ಕಳಲ್ಲಿ ಹೈಸ್ಕೂಲಿನವರು ಎದ್ದು ಕಾಣುತ್ತಾರೆ. ಹತ್ತನೆಯ ತರಗತಿಗೆ ಬಂದಾಗ ‘ಈ ವರ್ಷ ಒಂದು ಕ್ಲಾಸ್ ಬಿಡಿಸಿದ್ದೀವಿ, ಟೆಂತ್ ಮುಗೀಲಿ’ ಎಂಬ ಮಾತು ಬರುತ್ತದೆ. ಮುಂದಿನ ಎರಡು ವರ್ಷ ‘ಪಿಯುಸಿ ಅಲ್ವಾ’ ಎಂಬ ಮಾತು. ಹದಿನೆಂಟರ ಹೊತ್ತಿಗೆ ಹುಡುಗರ ಗಂಟಲು ಒಡೆದು ಹೊಸ ಶ್ರುತಿಗೆ ಕೂತಿರುತ್ತದೆ. ವೀಣೆಯೋ ತಬಲವೋ ಮಂಚದ ಕೆಳಗೆ ಸೇರಿರುತ್ತದೆ. ಸಂಗೀತದ ಮೇಷ್ಟ್ರುಗಳು ಇದನ್ನು ಎಷ್ಟು ಸಲ ನೋಡಿದ್ದಾರೆಂದರೆ, ಎಂಟನೆಯ ತರಗತಿಯ ಶಿಷ್ಯ ಚೆನ್ನಾಗಿ ಹಾಡಿದರೆ ಸಂತೋಷಪಡುವ ಮೊದಲು ಲೆಕ್ಕ ಹಾಕುತ್ತಾರೆ: ಇನ್ನೆರಡು ವರ್ಷ ಸಿಗುತ್ತಾನೆ.

ಶಾಲೆ ಅಥವಾ ಸಂಗೀತ, ಎರಡರಲ್ಲೊಂದು ಎಂಬ ಈ ಆಯ್ಕೆ ಹಳೆಯದು. ಗಂಗೂಬಾಯಿ ಹಾನಗಲ್ ಅವರ ಶಾಲೆ ಐದನೆಯ ತರಗತಿಗೆ ಮುಗಿಯಿತು. ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದ ಸವಾಯಿ ಗಂಧರ್ವರ ಮನೆಗೆ ಹೋಗಿ. ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದಾಗ ಅವರಿಗೆ ಹನ್ನೊಂದರ ಆಸುಪಾಸು. ಆ ಕಾಲದ ಶಾಲೆಗೆ ಸಂಗೀತ ಬೇಕಿರಲಿಲ್ಲ, ಸಂಗೀತಕ್ಕೂ ಶಾಲೆ ಬೇಕಿರಲಿಲ್ಲ. ಇವತ್ತು ಗಂಗೂಬಾಯಿಯವರ ಹೆಸರಿನಲ್ಲಿಯೇ ಮೈಸೂರಿನಲ್ಲೊಂದು ರಾಜ್ಯ ವಿಶ್ವವಿದ್ಯಾಲಯವಿದೆ. ಸಂಗೀತದಲ್ಲಿ ಪದವಿ, ಸ್ನಾತಕೋತ್ತರ ಪದವಿ, ಪಿಎಚ್‌.ಡಿ ಎಲ್ಲ ಅಲ್ಲಿ ಸಿಗುತ್ತವೆ. ಮೇಲಿನ ಮಹಡಿ ಕಟ್ಟಿಯಾಗಿದೆ, ಕೆಳಗೆ ಹೈಸ್ಕೂಲಿನ ಮಕ್ಕಳ ಪಾಠವೂ ನಡೆದಿದೆ. ನಡುವಿನ ಎರಡು ಮೆಟ್ಟಿಲು ಮಾತ್ರ ಇಲ್ಲ. ಆ ಎರಡು ಮೆಟ್ಟಿಲು ನಿಮ್ಮ ಕೈಯಲ್ಲಿವೆ.

ಸಂಗೀತದ ಪರವಾಗಿ ವಾದಿಸುವವರು ನಿಮ್ಮ ಮುಂದೆ ಬಂದಾಗ ಸಾಮಾನ್ಯವಾಗಿ ಒಂದೇ ರಾಗ ಹಾಡುತ್ತಾರೆ: ಸಂಗೀತ ಕಲಿತರೆ ಮೆದುಳು ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಈ ಪತ್ರ ಆ ದಾರಿ ಹಿಡಿಯುವುದಿಲ್ಲ. ಆ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕು. 1993ರಲ್ಲಿ ಕ್ಯಾಲಿಫೋರ್ನಿಯಾದ ಮೂವರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟ ಹತ್ತು ನಿಮಿಷ ಕೇಳಿದ 36 ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಊಹೆಗೆ ಸಂಬಂಧಿಸಿದ ಪರೀಕ್ಷೆಯೊಂದರಲ್ಲಿ ಸ್ವಲ್ಪ ಚೆನ್ನಾಗಿ ಮಾಡಿದರು ಎಂಬುದು ಅದರ ಸಾರ. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಐದು ವರ್ಷದೊಳಗೆ, 1998ರಲ್ಲಿ, ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ತಮ್ಮ ರಾಜ್ಯದಲ್ಲಿ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಸಿ.ಡಿ. ಕೊಡಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು! ಮುಂದಿನ ಪ್ರಯೋಗಗಳಲ್ಲಿ ಆ ಪರಿಣಾಮ ಸಣ್ಣದಾಗುತ್ತ ಹೋಯಿತು. ಇನ್ನೊಂದು ವಿಷಯಕ್ಕೆ ಟಾನಿಕ್ಕು ಎಂದು ಒಳಗೆ ಬಂದದ್ದನ್ನು, ಅದಕ್ಕಿಂತ ಒಳ್ಳೆಯ ಟಾನಿಕ್ಕು ಸಿಕ್ಕ ದಿನ ಹೊರಗೆ ಹಾಕುತ್ತಾರೆ. ಭೌತಶಾಸ್ತ್ರ ಓದಿದರೆ ಹಾಡುಗಾರಿಕೆ ಸುಧಾರಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಸಂಗೀತಕ್ಕೂ ಅದೇ ಮರ್ಯಾದೆ ಸಲ್ಲಬೇಕು: ಅದರೊಳಗೆ ತಿಳಿಯಬೇಕಾದದ್ದು ಏನಿದೆ ಎಂಬುದೊಂದೇ ಪ್ರಶ್ನೆ.

ಏನಿದೆ ಎಂದು ನೋಡೋಣ. ಪ್ರಥಮ ಪಿಯುಸಿಯ ಗಣಿತದಲ್ಲಿ ಕ್ರಮಯೋಜನೆ ಮತ್ತು ವಿಕಲ್ಪಗಳ ಅಧ್ಯಾಯವಿದೆ. ಅದನ್ನು ಪೆಟ್ಟಿಗೆಯಲ್ಲಿನ ಕೆಂಪು, ನೀಲಿ ಚೆಂಡುಗಳಿಂದ ಕಲಿಸುತ್ತಾರೆ. 17ನೆಯ ಶತಮಾನದಲ್ಲಿ ತಂಜಾವೂರಿನ ನಾಯಕರ ಆಸ್ಥಾನದಲ್ಲಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿ ಅದೇ ಲೆಕ್ಕವನ್ನು ಸ್ವರಗಳ ಮೇಲೆ ಮಾಡಿದ. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ನಾಲ್ಕು ಸ್ಥಾನಗಳಿವೆ. ಅವುಗಳಲ್ಲಿ ರಿಷಭಕ್ಕೊಂದು, ಗಾಂಧಾರಕ್ಕೊಂದು ಆರಿಸಬೇಕು. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು 6. ಪಂಚಮದಿಂದ ಮೇಲಿನ ಷಡ್ಜದವರೆಗೆ ಧೈವತ, ನಿಷಾದಗಳಿಗೂ ಹಾಗೆಯೇ 6. ಮಧ್ಯಮ ಎರಡು ಬಗೆ. ಆರಾರಲೆ ಮೂವತ್ತಾರು, ಅದರ ಎರಡರಷ್ಟು 72. ಇದೇ 72 ಮೇಳಗಳ ಚೌಕಟ್ಟು.

ಸ್ವಾರಸ್ಯ ಇಲ್ಲಿಗೆ ಮುಗಿಯುವುದಿಲ್ಲ. ಅವನ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳೆಂದು ‘ಚತುರ್ದಂಡಿಪ್ರಕಾಶಿಕೆ’ ವಿವರಿಸುವುದು 19ನ್ನು ಮಾತ್ರ. ಉಳಿದವು ಖಾಲಿ ಮನೆಗಳು. ಮೆಂಡೆಲೀಫ್ 1869ರಲ್ಲಿ ಮೂಲಧಾತುಗಳ ಕೋಷ್ಟಕ ಮಾಡಿ, ಇನ್ನೂ ಸಿಗದ ಧಾತುಗಳಿಗೆ ಜಾಗ ಬಿಟ್ಟದ್ದನ್ನು ನಿಮ್ಮ ರಸಾಯನಶಾಸ್ತ್ರದ ಉಪನ್ಯಾಸಕರು ಪ್ರತಿ ವರ್ಷ ಬೆರಗಿನಿಂದ ಹೇಳುತ್ತಾರೆ. ವೆಂಕಟಮಖಿಯ ಕೋಷ್ಟಕ ಅದಕ್ಕಿಂತ ಎರಡು ಶತಮಾನ ಹಿಂದಿನದು. ಅವನು ಬಿಟ್ಟ ಖಾಲಿ ಮನೆಗಳಿಗೆ ಮುತ್ತುಸ್ವಾಮಿ ದೀಕ್ಷಿತರಂಥವರು ಒಳಹೊಕ್ಕು ಕೃತಿಗಳನ್ನು ಕಟ್ಟಿದರು. ಮೇಳದ ಹೆಸರಿನಲ್ಲಿಯೇ ಅದರ ಕ್ರಮಸಂಖ್ಯೆ ಅಡಗುವಂತೆ ಮಾಡಿದ ಕಟಪಯಾದಿ ಲೆಕ್ಕವಂತೂ ಹದಿನಾರರ ಹುಡುಗರಿಗೆ ಒಗಟು ಬಿಡಿಸಿದ ಖುಷಿ ಕೊಡುವಂಥದ್ದು. ಮಾಯಾಮಾಳವಗೌಳದಲ್ಲಿ ‘ಮಾ’ ಎಂದರೆ 5, ‘ಯಾ’ ಎಂದರೆ 1, ತಿರುವಿ ಓದಿದರೆ 15. ಧೀರಶಂಕರಾಭರಣ 29. ಮೇಚಕಲ್ಯಾಣಿ 65. ಎರಡಕ್ಕೂ ಅಂತರ ಸರಿಯಾಗಿ 36, ಏಕೆಂದರೆ ಶಂಕರಾಭರಣದ ಮಧ್ಯಮ ಒಂದನ್ನು ಬದಲಿಸಿದರೆ ಸಿಗುವುದೇ ಕಲ್ಯಾಣಿ. ಇದನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು, ಆ ಕ್ಷಣವೇ ಹಾಡಿಯೂ ತೋರಿಸಬಹುದು. ಬರೆದದ್ದು ಸರಿಯೇ ಎಂದು ಕಿವಿಯಿಂದ ತಾಳೆ ನೋಡುವ ಅವಕಾಶ ಇನ್ನಾವ ಐಚ್ಛಿಕದಲ್ಲಿದೆ?

ಭೌತಶಾಸ್ತ್ರದ ಕೊಠಡಿಗೂ ಇಲ್ಲಿಂದ ಬಾಗಿಲಿದೆ. ಬಿಗಿದ ತಂತಿಯ ಕಂಪನಗಳು ಒಂದು, ಎರಡು, ಮೂರು ಎಂದು ಪೂರ್ಣಾಂಕಗಳ ಅನುಪಾತದಲ್ಲಿರುತ್ತವೆ, ಬಿಗಿದ ಚರ್ಮದ ಕಂಪನಗಳು ಹಾಗಿರುವುದಿಲ್ಲ. ಆದ್ದರಿಂದಲೇ ಬಹಳಷ್ಟು ಚರ್ಮವಾದ್ಯಗಳು ಸದ್ದು ಮಾಡುತ್ತವೆ, ಸ್ವರ ಹೇಳುವುದಿಲ್ಲ. ಮೃದಂಗ, ತಬಲಗಳು ಮಾತ್ರ ಶ್ರುತಿಗೆ ಹೇಗೆ ಕೂರುತ್ತವೆ ಎಂಬ ಪ್ರಶ್ನೆ ಸಿ.ವಿ. ರಾಮನ್ ಅವರನ್ನು ಕಾಡಿತು. ನಡುವೆ ಹಚ್ಚುವ ಕಪ್ಪು ಕರಣೆ ಚರ್ಮದ ಭಾರವನ್ನು ಹಂಚುವ ರೀತಿಯಿಂದಾಗಿ ಅದರ ಕಂಪನಗಳು ತಂತಿಯ ಹಾಗೆ ಪೂರ್ಣಾಂಕಗಳ ಸಾಲಿಗೆ ಬಂದು ನಿಲ್ಲುತ್ತವೆ ಎಂದು 1920ರಲ್ಲಿ ಶಿವಕಾಲಿ ಕುಮಾರ್ ಜೊತೆ ‘ನೇಚರ್’ನಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1934ರಲ್ಲಿ ಅದನ್ನೇ ವಿಸ್ತಾರವಾಗಿ ಪ್ರಕಟಿಸಿದರು. ಕರಣೆ ಹಚ್ಚುವ ಕುಶಲಕರ್ಮಿಗಳು ಇದನ್ನು ಕೈಯಿಂದ ಎಷ್ಟೋ ತಲೆಮಾರು ಮೊದಲೇ ಕಂಡುಕೊಂಡಿದ್ದರು ಎಂಬುದೂ ಪಾಠದ ಭಾಗವಾಗಬೇಕು.

ಚರಿತ್ರೆ ಬೇಕೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಿದೆ, 12ನೆಯ ಶತಮಾನದ್ದು. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನಿಗಾಗಿ ರಾಮಾಮಾತ್ಯ ಬರೆದ ‘ಸ್ವರಮೇಳಕಲಾನಿಧಿ’ಯಿದೆ. ಅದೇ ಶತಮಾನದಲ್ಲಿ ಶಿವಗಂಗೆಯ ಬಳಿಯ ಸಾತನೂರಿನ ಪುಂಡರೀಕ ವಿಠ್ಠಲ ಬುರ್ಹಾನ್‌ಪುರಕ್ಕೆ ಹೋಗಿ, ಉತ್ತರದ ರಾಗಗಳನ್ನು ದಕ್ಷಿಣದ ಕಣ್ಣಿನಿಂದ ನೋಡಿ ಗ್ರಂಥಗಳನ್ನು ರಚಿಸಿದ. ಮೂರು ಶತಮಾನ ಕಳೆದು ವಿಷ್ಣು ನಾರಾಯಣ ಭಾತಖಂಡೆ ಎಂಬ ಮುಂಬಯಿಯ ವಕೀಲರು 1904ರಲ್ಲಿ ದಕ್ಷಿಣಕ್ಕೆ ಬಂದು, ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು, ವೆಂಕಟಮಖಿಯ ಗ್ರಂಥದ ಮಹತ್ವ ತಿಳಿದು ಹಿಂತಿರುಗಿದರು. ಹಿಂದೂಸ್ತಾನಿ ಸಂಗೀತವನ್ನು ಹತ್ತು ಥಾಟುಗಳಲ್ಲಿ ಅವರು ಕೂಡಿಸಿದ ಹಿಂದೆ ಈ ಪ್ರಯಾಣವಿದೆ. ಭೈರವ್ ಥಾಟು ನಮ್ಮ ಮಾಯಾಮಾಳವಗೌಳದ ಸ್ವರಗಳೇ, ಬಿಲಾವಲ್ ಶಂಕರಾಭರಣದ್ದೇ. ಎರಡೂ ಪದ್ಧತಿಗಳು ಒಂದೇ ರಾಜ್ಯದಲ್ಲಿ, ಎರಡೂ ಮೊದಲ ದರ್ಜೆಯಲ್ಲಿ ಬೆಳೆದಿರುವುದು ಕರ್ನಾಟಕದಲ್ಲಿ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಲು ಇದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿ ಸಿಗದು.

ಈಗ ನಿಮ್ಮ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಹಾಡಿಗೆ ಅಂಕ ಕೊಡುವುದು ಹೇಗೆ, ಅದು ಅವರವರ ಅಭಿರುಚಿ ಅಲ್ಲವೇ ಎಂಬುದು.

ಈ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ದಶಕಗಳ ಕಾಲ ನಡೆಸಿದ್ದು ಎಸ್ಸೆಸ್ಸೆಲ್ಸಿ ನಡೆಸುತ್ತಿದ್ದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯೇ. ಈಗ ಆ ಕೆಲಸ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಪರೀಕ್ಷಕರ ಮುಂದೆ ಮಗು ಮೂರು ಕಾಲದಲ್ಲಿ ಅಲಂಕಾರ ಹಾಡುತ್ತದೆ, ವರ್ಣ ಹಾಡುತ್ತದೆ, ಕೇಳಿಸಿದ ರಾಗ ಗುರುತಿಸುತ್ತದೆ, ತಾಳ ಹಾಕುತ್ತದೆ. ತಾಳ ತಪ್ಪಿದ್ದು ತಪ್ಪಿದ್ದೇ, ಶ್ರುತಿ ಜಾರಿದ್ದು ಜಾರಿದ್ದೇ. ಅಲ್ಲಿ ಅಭಿರುಚಿಗೆ ಇರುವ ಜಾಗ ಕನ್ನಡ ಪತ್ರಿಕೆಯ ಪ್ರಬಂಧಕ್ಕೆ ಅಂಕ ಹಾಕುವಾಗ ಇರುವುದಕ್ಕಿಂತ ಹೆಚ್ಚೇನಲ್ಲ. ಸಿಬಿಎಸ್‌ಇ ತನ್ನ ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳಿಗೆ ಗಾಯನ, ಸ್ವರವಾದ್ಯ, ತಾಳವಾದ್ಯ ಎಂದು ಮೂರು ಮೂರು, ಒಟ್ಟು ಆರು ವಿಷಯಗಳನ್ನು ಇಟ್ಟಿದೆ. ಲಿಖಿತಕ್ಕೆ 30, ಪ್ರಾಯೋಗಿಕಕ್ಕೆ 70. ಶಾಲೆಯಲ್ಲಿ ಅವಕಾಶವಿದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೇ ಅಲ್ಲಿ ಮೃದಂಗವನ್ನೂ ಓದಬಹುದು. ನಮ್ಮಲ್ಲಿ ಸಂಗೀತ ಸಿಗುವುದೇ ಅಪರೂಪ, ಸಿಕ್ಕರೂ ಕಲಾ ವಿಭಾಗದ ಮೂಲೆಯಲ್ಲಿ.

ಎರಡನೆಯ ಆಕ್ಷೇಪ ನಿಮ್ಮದಲ್ಲ, ಸಂಗೀತಗಾರರದ್ದು. ಗಂಟೆ ಹೊಡೆದು, ಹಾಜರಿ ಕರೆದು ಸಂಗೀತ ಕಲಿಸಲು ಬರುವುದಿಲ್ಲ, ಅದು ಗುರುಮುಖೇನ ಬರಬೇಕಾದ ವಿದ್ಯೆ ಎಂಬುದು. ಈ ಮಾತಿನಲ್ಲಿ ನಿಜವಿದೆ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗಲೂ, 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಶುರುವಾದಾಗಲೂ ಇದೇ ಮಾತು ಬಂದಿತ್ತು. ಹೆಚ್ಚಿನ ದೊಡ್ಡ ಗಾಯಕರು ಕಾಲೇಜುಗಳಿಂದ ಬರಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಬೈಲಹೊಂಗಲದಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಹನ್ನೊಂದರ ವಯಸ್ಸಿಗೆ ಲಖನೌಗೆ ಹೋಗಿ, ಅದೇ ಮ್ಯಾರಿಸ್ ಕಾಲೇಜಿನ ಪ್ರಾಂಶುಪಾಲ ರತಂಜನಕರರ ಬಳಿ ಕಲಿತು, ರಾಗಗಳ ಕಣಜ ಎನಿಸಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಕೆಳಗೆ ಪಳಗಿದ ಎಂ. ವೆಂಕಟೇಶಕುಮಾರ್, ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ದೀರ್ಘಕಾಲ ಮೇಷ್ಟ್ರಾಗಿ ಹಾಜರಿ ಕರೆದವರೇ. ಪಿಯುಸಿಯ ಎರಡು ವರ್ಷ ಗಾಯಕರನ್ನು ತಯಾರಿಸುವುದಿಲ್ಲ. ಪಿಯುಸಿ ಅರ್ಥಶಾಸ್ತ್ರ ರಿಸರ್ವ್ ಬ್ಯಾಂಕಿಗೆ ಗವರ್ನರನ್ನು ತಯಾರಿಸುತ್ತದೆ ಎಂದು ಯಾರೂ ನಿರೀಕ್ಷಿಸಿಲ್ಲ. ಗುರುವಿನ ಮನೆಯ ಪಾಠ ಗುರುವಿನ ಮನೆಯಲ್ಲಿ ನಡೆಯಲಿ. ಕಾಲೇಜು ಮಾಡಬೇಕಾದದ್ದು ಆ ಮನೆಯಲ್ಲಿ ಸಾಮಾನ್ಯವಾಗಿ ಆಗದ ಕೆಲಸ: ಬೇರೆ ಘರಾಣೆ, ಬೇರೆ ಬಾಣಿ, ಬೇರೆ ಪದ್ಧತಿಗಳನ್ನು ಕೇಳಿಸುವುದು, ಹೋಲಿಸುವುದು, ಬರೆಸುವುದು, ಚರ್ಚಿಸುವುದು.

ಈಗಿರುವ ಪಾಠಕ್ರಮದ ಬಗ್ಗೆ ದೂರು ಇಲ್ಲವೆಂದಲ್ಲ. ಸಂಗೀತದ ಶಾಸ್ತ್ರಭಾಗ ಎಂದರೆ ಲಕ್ಷಣಗಳ ಕಂಠಪಾಠ, ವಾಗ್ಗೇಯಕಾರರ ಜೀವನಚರಿತ್ರೆಯ ಒಪ್ಪಿಸುವಿಕೆ ಎಂದಾಗಿಬಿಡುವ ಅಪಾಯ ನಮ್ಮಲ್ಲಿ ಯಾವಾಗಲೂ ಇದೆ. ಪುರಂದರದಾಸರು ಹುಟ್ಟಿದ ಇಸವಿ ಬರೆದವರಿಗೆ ಅಂಕ ಸಿಗುತ್ತದೆ. ಅವರ ಒಂದು ಪದವನ್ನು ಕರ್ನಾಟಕ ಪದ್ಧತಿಯವರೂ ಹಿಂದೂಸ್ತಾನಿಯವರೂ ಹಾಡಿದಾಗ ಏನು ಬದಲಾಯಿತು ಎಂದು ಕೇಳಿ ಬರೆಯುವವರಿಗೆ ಸಿಗುವ ಅಂಕ ಎಷ್ಟು? ಕಿವಿಯ ಪರೀಕ್ಷೆ ಇಲ್ಲದ ಸಂಗೀತದ ಲಿಖಿತ ಪರೀಕ್ಷೆ ಅರ್ಧ ಪರೀಕ್ಷೆ.

ಹೊರಗೆ ಹೇಗಿದೆ ಎಂದು ಕುತೂಹಲವಿದ್ದರೆ ಇಂಗ್ಲೆಂಡಿನ ಎ-ಲೆವೆಲ್, ಅಂದರೆ ನಮ್ಮ ಪಿಯುಸಿಗೆ ಸಮಾನವಾದ ಹಂತವನ್ನು ನೋಡಬಹುದು. 2016ರಲ್ಲಿ ಜಾರಿಗೆ ಬಂದ, ಎಡೆಕ್ಸೆಲ್ ಎಂಬ ಪರೀಕ್ಷಾ ಸಂಸ್ಥೆಯ ಪಠ್ಯಕ್ರಮದಲ್ಲಿ ಹಾಡುವುದಕ್ಕೆ ಅಥವಾ ನುಡಿಸುವುದಕ್ಕೆ ನೂರಕ್ಕೆ 30, ಸ್ವಂತ ರಚನೆಗೆ 30, ಕೇಳಿ ವಿಶ್ಲೇಷಿಸುವುದಕ್ಕೆ 40. ವಿದ್ಯಾರ್ಥಿ ಬಾಖ್‌ನನ್ನು ಓದುವ ಹಾಗೆಯೇ ಬೀಟಲ್ಸ್ ತಂಡದ ‘ರಿವಾಲ್ವರ್’ ಆಲ್ಬಮ್ಮಿನ ಹಾಡುಗಳನ್ನೂ, ‘ಸೈಕೋ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಕೊಟ್ಟ ಹಿನ್ನೆಲೆ ಸಂಗೀತವನ್ನೂ ಓದುತ್ತಿದ್ದ. ಆ ಪಟ್ಟಿಯಲ್ಲಿ ಅನೌಷ್ಕಾ ಶಂಕರ್ ಅವರ ‘ಬ್ರೀದಿಂಗ್ ಅಂಡರ್ ವಾಟರ್’ ಆಲ್ಬಮ್ ಕೂಡ ಇತ್ತು. ಸಿತಾರಿನ ಬಗ್ಗೆ ಲಂಡನ್ನಿನ ಹುಡುಗಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯಬಹುದಿತ್ತು. ರಹಿಮತ್ ಖಾನರು ಸಿತಾರ್ ಮನೆತನವನ್ನೇ ಕಟ್ಟಿದ ಧಾರವಾಡದಲ್ಲಿ ಹೆಚ್ಚಿನ ಕಾಲೇಜುಗಳಿಗೆ ಅದು ಕ್ಯಾಂಟೀನಿನ ಪಕ್ಕದ ಸೌಲಭ್ಯ.

ಆದರೆ ಇಂಗ್ಲೆಂಡನ್ನು ಇಲ್ಲಿ ತಂದದ್ದು ಹೊಗಳುವುದಕ್ಕಲ್ಲ. 2010ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳನ್ನು ಅಳೆಯಲು ‘ಇಬ್ಯಾಕ್’ ಎಂಬ ವಿಷಯಗಳ ಗುಂಪೊಂದನ್ನು ಮುಂದಿಟ್ಟಿತು: ಇಂಗ್ಲಿಷ್, ಗಣಿತ, ವಿಜ್ಞಾನ, ಒಂದು ಭಾಷೆ, ಚರಿತ್ರೆ ಅಥವಾ ಭೂಗೋಳ. ಸಂಗೀತವನ್ನು ಯಾರೂ ತೆಗೆದುಹಾಕಲಿಲ್ಲ, ಪಟ್ಟಿಯಲ್ಲಿ ಸೇರಿಸಲಿಲ್ಲ ಮಾತ್ರ. ಶಾಲೆಗಳು ಪಟ್ಟಿಯಲ್ಲಿದ್ದ ವಿಷಯಗಳಿಗೆ ಹಣ, ಸಮಯ, ಮೇಷ್ಟ್ರುಗಳನ್ನು ಕೊಟ್ಟವು. ಎ-ಲೆವೆಲ್‌ನಲ್ಲಿ ಸಂಗೀತ ತೆಗೆದುಕೊಳ್ಳುವವರ ಸಂಖ್ಯೆ ಆ ದಶಕದಲ್ಲಿ ಗಣನೀಯವಾಗಿ ಕುಸಿಯಿತು. ಇಳಿತಕ್ಕೆ ಇದೊಂದೇ ಕಾರಣವಲ್ಲದಿರಬಹುದು, ಆದರೆ ಅಲ್ಲಿನ ಸಂಗೀತ ಶಿಕ್ಷಕರು ಮೊದಲು ಬೆರಳು ತೋರಿಸುವುದು ಅದರ ಕಡೆಗೇ. ಪಟ್ಟಿ ಬರೆಯುವವರ ಕೈಯಲ್ಲಿ ಇರುವ ಶಕ್ತಿ ಅಂಥದ್ದು, ನಿಮ್ಮ ಕೈಯಲ್ಲಿರುವುದೂ ಅದೇ.

ನಮ್ಮಲ್ಲಿ ಪ್ರತಿಭಾ ಕಾರಂಜಿ ಇದೆಯಲ್ಲ, ಅಂತರ ಕಾಲೇಜು ಸ್ಪರ್ಧೆಗಳಿವೆಯಲ್ಲ, ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಹಾಡಿಸುತ್ತೇವಲ್ಲ ಎನ್ನುವಿರಿ. ಸ್ಪರ್ಧೆಯ ದಾರಿಯಲ್ಲಿ ಕೇರಳ ಎಲ್ಲರಿಗಿಂತ ಮುಂದೆ ಹೋಗಿದೆ. 1957ರಲ್ಲಿ ಎರ್ನಾಕುಳಂನಲ್ಲಿ ಶುರುವಾದ ಅಲ್ಲಿನ ಶಾಲಾ ಕಲೋತ್ಸವ ಇವತ್ತು ಜಾತ್ರೆಯಷ್ಟು ದೊಡ್ಡದು. ಗ್ರೇಡ್ ಪಡೆದ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಯಲ್ಲಿ ಕೃಪಾಂಕವೂ ಉಂಟು. ಅದರಿಂದ ಕೂಡಿಯಾಟ್ಟಂನಂಥ ಕಲೆಗಳೂ ಶಾಲೆಯ ಅಂಗಳಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಜೊತೆಗೆ ತೀರ್ಪಿನ ವಿರುದ್ಧ ಮೇಲ್ಮನವಿಗಳು, ಕೋರ್ಟಿನ ಮೆಟ್ಟಿಲು, ಹತ್ತು ನಿಮಿಷದ ಐಟಂಗಾಗಿ ವರ್ಷವಿಡೀ ತಾಲೀಮು ಎಲ್ಲವೂ ಬಂದವು. ಹತ್ತು ನಿಮಿಷ ಮಿಂಚುವುದನ್ನು ಸ್ಪರ್ಧೆ ಕಲಿಸುತ್ತದೆ. ಒಂದು ರಾಗದ ಜೊತೆ ಎರಡು ವರ್ಷ ಕೂರುವುದನ್ನು ಕಲಿಸಲು ತರಗತಿ ಬೇಕು.

ಉಳಿದದ್ದು ಉಪನ್ಯಾಸಕರ ಪ್ರಶ್ನೆ. ‘ಐದು ಮಕ್ಕಳಿಗೆ ಒಬ್ಬ ಉಪನ್ಯಾಸಕರನ್ನು ಇಟ್ಟುಕೊಂಡರೆ ವರ್ಕ್‌ಲೋಡ್ ಎಲ್ಲಿಂದ ತರೋದು?’ ಇದು ನ್ಯಾಯವಾದ ಪ್ರಶ್ನೆ, ಉತ್ತರವಿಲ್ಲದ ಪ್ರಶ್ನೆಯಲ್ಲ. ಒಂದೇ ಊರಿನ ನಾಲ್ಕು ಕಾಲೇಜುಗಳು ಸೇರಿ ಒಬ್ಬ ಉಪನ್ಯಾಸಕರನ್ನು ಹಂಚಿಕೊಳ್ಳಲಿ, ಮಧ್ಯಾಹ್ನದ ಮೇಲಿನ ಎರಡು ಅವಧಿಗಳನ್ನು ನಾಲ್ಕೂ ಕಾಲೇಜು ಒಂದೇ ಸಮಯಕ್ಕೆ ಬಿಡುವು ಮಾಡಿಕೊಳ್ಳಲಿ. ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಿಂದ ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಮನೆಪಾಠ ಹೇಳುತ್ತ, ಅಪಾರ್ಟ್‌ಮೆಂಟುಗಳ ಬೇಸಿಗೆ ಶಿಬಿರಗಳಲ್ಲಿ ದುಡಿಯುತ್ತ ಇದ್ದಾರೆ. ರಸಾಯನಶಾಸ್ತ್ರಕ್ಕೆ ಬೇಕಾಗುವ ಪ್ರಯೋಗಾಲಯದ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಸಂಗೀತದ ಕೊಠಡಿ ಸಜ್ಜಾಗುತ್ತದೆ: ಒಂದು ತಂಬೂರಿ, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಒಂದು ಮೃದಂಗ, ಒಳ್ಳೆಯ ಸ್ಪೀಕರು, ಇಂಟರ್‌ನೆಟ್ಟು, ಗೋಡೆಗೆ ಒಂದಿಷ್ಟು ದಪ್ಪ ಪರದೆ. ಪಕ್ಕದ ಲೆಕ್ಕಶಾಸ್ತ್ರದ ಕ್ಲಾಸಿಗೆ ತೊಂದರೆಯಾಗುತ್ತದೆ ಎಂಬ ಆಕ್ಷೇಪವನ್ನು ಪರದೆಯೇ ನೋಡಿಕೊಳ್ಳುತ್ತದೆ.

ಐದೇ ಮಕ್ಕಳು ಎಂಬ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಿ. ಅರ್ಜಿಯಲ್ಲಿ ಇಲ್ಲದ ವಿಷಯವನ್ನು ಯಾರೂ ಕೇಳುವುದಿಲ್ಲ, ಯಾರೂ ಕೇಳಲಿಲ್ಲವೆಂದು ಅದನ್ನು ಅರ್ಜಿಯಲ್ಲಿ ಹಾಕುವುದಿಲ್ಲ. ಈ ಸುತ್ತಾಟ ಎಷ್ಟು ವರ್ಷದಿಂದ ನಡೆದಿದೆಯೋ! ಒಂದು ಸಲ ಪಟ್ಟಿಯಲ್ಲಿ ಅಚ್ಚು ಹಾಕಿ ನೋಡಿದರೆ ಎಷ್ಟು ಜನ ಟಿಕ್ ಮಾಡುತ್ತಾರೆ ಎಂಬುದು ಊಹೆಯಾಗಿ ಉಳಿಯುವುದಿಲ್ಲ.

ಈ ವಿಷಯ ಕೆಲವರಿಗೆ ಆಯ್ಕೆಗಿಂತ ಹೆಚ್ಚಿನದು. ಕಣ್ಣು ಕಾಣದ ಪಂಚಾಕ್ಷರ ಗವಾಯಿಗಳು ಗದುಗಿನಲ್ಲಿ ಆಶ್ರಮ ಕಟ್ಟಿ, ಅಂಧ, ಅನಾಥ ಮಕ್ಕಳಿಗೆ ಅನ್ನದ ಜೊತೆ ಸಂಗೀತವಿಟ್ಟರು. ಅವರ ನಂತರ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸ ಮುಂದುವರಿಸಿದರು. ಅಲ್ಲಿಂದ ಹೊರಬಂದ ಮಕ್ಕಳು ಶಾಲಾ ಶಿಕ್ಷಕರಾದರು, ಆಕಾಶವಾಣಿಯ ಕಲಾವಿದರಾದರು, ನಾಟಕ ಕಂಪನಿಗಳ ಪೇಟಿ ಮಾಸ್ತರರಾದರು. ಎಸ್ಸೆಸ್ಸೆಲ್ಸಿಯ ವೇಳಾಪಟ್ಟಿಯಲ್ಲೂ ವಿಜ್ಞಾನದ ಜೊತೆಜೊತೆಗೆ ಸಂಗೀತದ ಪತ್ರಿಕೆ ಕಾಣಿಸುವುದು ಮುಖ್ಯವಾಗಿ ಇಂಥ ವಿಶೇಷ ಅಗತ್ಯದ ಮಕ್ಕಳ ಸಲುವಾಗಿ. ಹತ್ತನೆಯ ತರಗತಿಯಲ್ಲಿ ಹಾಗೆ ಸಂಗೀತ ಬರೆದು ಪಾಸಾದ ಅಂಧ ಹುಡುಗಿ ನಿಮ್ಮ ಕಾಲೇಜಿನ ಕೌಂಟರಿಗೆ ಬಂದರೆ ಏನು ಹೇಳುವಿರಿ? ಅವಳ ಅತ್ಯಂತ ಬಲವಾದ ವಿಷಯವನ್ನು ಅಲ್ಲಿಗೇ ಬಿಟ್ಟು ಎಚ್‌ಇಪಿಎಸ್ ತೆಗೆದುಕೋ ಎಂದೇ ಅಲ್ಲವೇ?

ಮುಂದೇನು ಎಂಬ ತಂದೆತಾಯಿಯರ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಬೇಕಾಗುತ್ತದೆ, ಅದನ್ನೂ ಸಿದ್ಧಮಾಡಿಕೊಳ್ಳಿ. ಸಂಗೀತದಲ್ಲಿ ಪದವಿ ಓದಬಹುದು, ಶಿಕ್ಷಕರಾಗಬಹುದು, ಆಕಾಶವಾಣಿಯ ಆಡಿಷನ್ ಪಾಸಾಗಿ ಬಿ ಗ್ರೇಡಿನಿಂದ ಹೆಜ್ಜೆ ಹಾಕಬಹುದು, ಧ್ವನಿ ಎಂಜಿನಿಯರಿಂಗಿಗೆ, ಸಿನಿಮಾಕ್ಕೆ, ಆರ್ಕೈವ್‌ಗೆ ಹೋಗಬಹುದು. ಎಚ್‌ಇಪಿಎಸ್ ಓದಿದವರಿಗೆ ಇರುವಷ್ಟೇ ದಾರಿಗಳು ಇವರಿಗೂ ಇರುತ್ತವೆ, ಯಾಕೆಂದರೆ ಉಳಿದ ಮೂರು ಐಚ್ಛಿಕಗಳು ಹೇಗೂ ಜೊತೆಯಲ್ಲಿವೆ.

ಪಠ್ಯಕ್ರಮದ ವಿಷಯದಲ್ಲಿ ಪರೀಕ್ಷಾ ಮಂಡಳಿಯ ಜೊತೆ ಜಗಳವಾಡುವುದಿದ್ದರೆ ನೀವೇ ಮುಂದೆ ನಿಲ್ಲಬೇಕು. ಶಾಸ್ತ್ರೀಯದ ಎರಡು ಪದ್ಧತಿಗಳ ಜೊತೆಗೆ ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರವರೆಗಿನ ಭಾವಗೀತೆ, ಬಿ.ವಿ. ಕಾರಂತರ ರಂಗಸಂಗೀತ, ಯಕ್ಷಗಾನದ ಭಾಗವತಿಕೆ, ತತ್ವಪದಗಳ ಭಜನೆ ಎಲ್ಲಕ್ಕೂ ಒಂದೊಂದು ಘಟಕ ಬೇಕು. ದಕ್ಷಿಣ ಕನ್ನಡದ ಕಾಲೇಜೊಂದು ಭಾಗವತರನ್ನು ತರಗತಿಗೆ ಕರೆಸಿ ಯಕ್ಷಗಾನದ ತಾಳಗಳನ್ನು ಕೇಳಿಸಿದರೆ, ಅಲ್ಲಿನ ಮಕ್ಕಳಿಗೆ ಅದು ಪಠ್ಯಪುಸ್ತಕದ ಅಧ್ಯಾಯ ಅನ್ನಿಸುವುದೇ ಇಲ್ಲ.

ಹೊಸ ಕಾಂಬಿನೇಷನ್ನಿಗೆ ಅನುಮತಿ ಕೇಳುವ ಅರ್ಜಿ ಪದವಿಪೂರ್ವ ಶಿಕ್ಷಣದ ಜಿಲ್ಲಾ ಉಪನಿರ್ದೇಶಕರ ಕಚೇರಿಯ ಮೂಲಕ ಹೋಗುತ್ತದೆ ಎಂಬುದು ನಿಮಗೆ ತಿಳಿದದ್ದೇ. ಪಿಸಿಎಂಸಿ ತೆರೆಯುವಾಗ ನೀವು ಆ ಕಚೇರಿಗೆ ಅಲೆದಿದ್ದೀರಿ. ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಒಂದು ಅಂಶ ಸೇರಿಸಿ: ಚರಿತ್ರೆ, ಸಮಾಜಶಾಸ್ತ್ರ, ಮನಃಶಾಸ್ತ್ರ, ಸಂಗೀತ. ಪಕ್ಕದ ಕಾಲೇಜಿನ ಪ್ರಾಂಶುಪಾಲರಿಗೆ ಫೋನ್ ಮಾಡಿ ಉಪನ್ಯಾಸಕರನ್ನು ಹಂಚಿಕೊಳ್ಳುವ ಮಾತು ಎತ್ತಿ. ಊರಿನ ಸಂಗೀತದ ಮೇಷ್ಟ್ರನ್ನು ಕರೆದು, ಕಳೆದ ಮೂರು ವರ್ಷದಲ್ಲಿ ಹತ್ತನೆಯ ತರಗತಿಯ ಹೊತ್ತಿಗೆ ಪಾಠ ನಿಲ್ಲಿಸಿದ ಮಕ್ಕಳು ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳಿ. ವರ್ಕ್‌ಲೋಡಿನ ಕೋಷ್ಟಕದಲ್ಲಿ ತುಂಬಬೇಕಾದ ಅಂಕಿ ಅದೇ.


ಸಂಗೀತದ ಪತ್ರಿಕೆಯನ್ನೂ ಪ್ರಶ್ನೆಪತ್ರಿಕೆಗಳ ಸಾಲಿನಲ್ಲಿ ನೋಡಬಯಸುವ ಒಬ್ಬ ಕೇಳುಗ